ಭಾರವಿಲ್ಲದ ಬಂದೂಕು

ದೀಪಾವಳಿಗೆಂದು ಬೆಳಗಾವಿಯ ಖಡೇಬಜಾರಿನಲ್ಲಿ ಮಗನಿಗೆ ಒಂದು ಟೀ ಶರ್ಟ್ ಕೊಂಡೆ. ಹಸಿರು, ಮಣ್ಣಿನ ಬಣ್ಣ ಕಲಸಿದ ಮಿಲಿಟರಿ ಬಟ್ಟೆ. ಎದೆಯ ತುಂಬ ಎಕೆ-47ರ ಚಿತ್ರ. ಎಂಟು ವರ್ಷದ ಹುಡುಗ ಅದನ್ನು ತೊಟ್ಟು ಪಡಸಾಲೆಗೆ ಓಡಿ ಬಂದು ಅಜ್ಜನೆದುರು ಸೆಟೆದು ನಿಂತ, ಸೆಲ್ಯೂಟ್ ಹೊಡೆದ. ಅಪ್ಪ ಬೈಯಲಿಲ್ಲ, ನಗಲೂ ಇಲ್ಲ. ಆ ಚಿತ್ರವನ್ನೇ ನೋಡುತ್ತ ಕುಳಿತರು.

ಅಪ್ಪ ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿ 20 ವರ್ಷ ದುಡಿದವರು. ಅವರ ಆಲಿವ್ ಹಸಿರಿನ ಅಂಗಿ ಇಂದಿಗೂ ಟ್ರಂಕಿನಲ್ಲಿ ಡಾಂಬರು ಗುಳಿಗೆಯ ವಾಸನೆಯೊಳಗೆ ಮಡಚಿಕೊಂಡಿದೆ. ತೋಳಿಗೆ ಹವಾಲ್ದಾರನ ಮೂರು ಪಟ್ಟಿ, ಎದೆಗೆ ಹೆಸರು, ಅದರೆದುರು ಪದಕಗಳ ಪುಟ್ಟ ರಿಬ್ಬನ್. ಒಂದೊಂದು ರಿಬ್ಬನ್ನಿನ ಹಿಂದೆ ಒಂದು ಗಡಿ, ಒಂದು ಚಳಿಗಾಲ. ಆ ಅಂಗಿಯ ಮೇಲೆ ಎಲ್ಲಿಯೂ ಬಂದೂಕಿನ ಚಿತ್ರವಿಲ್ಲ. ಇಷ್ಟು ವರ್ಷ ಅದನ್ನು ಬಿಸಿಲಿಗೆ ಹಾಕಿ ತೆಗೆದಿಟ್ಟ ನನಗೆ ಇದು ಹೊಳೆದದ್ದು ಅಂದೇ.

ಸೇನೆಯ ಬಟ್ಟೆಯನ್ನು ಎಲ್ಲರೂ ತೊಡಬಾರದೆಂಬ ಕಟ್ಟುಪಾಡಿಗೆ ಕಾರಣವಿದೆ. 2016ರ ಜನವರಿಯಲ್ಲಿ ಪಠಾಣ್‌ಕೋಟ್ ವಾಯುನೆಲೆಗೆ ನುಗ್ಗಿದವರು ತೊಟ್ಟಿದ್ದು ಸೇನೆಯ ಉಡುಪನ್ನೇ. 2022ರ ಸೇನಾ ದಿನದಂದು ಹೊಸ ಸಮವಸ್ತ್ರ ತೋರಿಸಿದ ಭೂಸೇನೆ, ಅದು ಪೇಟೆಯಲ್ಲಿ ಮಾರಾಟಕ್ಕಿಲ್ಲ ಎಂದಿತು. ಆ ಬಣ್ಣ ಕಂಡೊಡನೆ ‘ನಮ್ಮವರು ಬಂದರು’ ಎಂದು ಬಾಗಿಲು ತೆರೆಯುವ ಜನರಿದ್ದಾರೆ. ಕಾಪಾಡಬೇಕಾದದ್ದು ಅವರ ನಂಬಿಕೆಯನ್ನು.

ಮಕ್ಕಳ ಬಟ್ಟೆಯ ಮಾತು ಇನ್ನೂ ನೋವಿನದು. ಜಪಾನಿನಲ್ಲಿ 1930ರ ದಶಕದಲ್ಲಿ ಗಂಡುಮಕ್ಕಳ ಕಿಮೋನೊಗಳ ಮೇಲೆ ಟ್ಯಾಂಕು, ಯುದ್ಧನೌಕೆ, ವಿಮಾನಗಳನ್ನು ಚಿತ್ರಿಸುತ್ತಿದ್ದರು. ತಿಂಗಳು ತುಂಬಿದ ಕೂಸನ್ನು ದೇವಸ್ಥಾನಕ್ಕೆ ಕರೆದೊಯ್ಯುವಾಗ ಹೊದಿಸುವ ರೇಷ್ಮೆಯ ಮೇಲೂ ಅವು ಇರುತ್ತಿದ್ದವು. ಆ ಚಿತ್ರಗಳನ್ನು ಪುಸ್ತಕವೊಂದರಲ್ಲಿ ನೋಡಿದ್ದೇನೆ. ನೇಯ್ದ ಕೈಗಳಲ್ಲಿ ಪ್ರೀತಿಗೇನೂ ಕೊರತೆಯಿರಲಿಲ್ಲ. 1945ರ ಮಾರ್ಚಿನಲ್ಲಿ ಅಮೆರಿಕದ ವಿಮಾನಗಳು ಒಂದೇ ರಾತ್ರಿ ಟೋಕಿಯೊವನ್ನು ಸುಟ್ಟಾಗ ಸುಮಾರು 1 ಲಕ್ಷ ಜನ ಸತ್ತರು. ರೇಷ್ಮೆಯಲ್ಲಿ ವಿಮಾನ ಹೊದ್ದಿದ್ದ ಎಷ್ಟೋ ಕೂಸುಗಳಿಗೆ ಆಗ ಹತ್ತು ವರ್ಷವೂ ತುಂಬಿದ್ದಿಲ್ಲ. ಕೂಸು ತನ್ನ ಬಟ್ಟೆಯನ್ನು ತಾನು ಆರಿಸುವುದಿಲ್ಲ. ಹಿರಿಯರ ಆಸೆಯನ್ನು ತೊಡುತ್ತದೆ, ಅದರ ಬೆಲೆಯನ್ನೂ ತೆರುತ್ತದೆ. ಖಡೇಬಜಾರಿನಲ್ಲಿ ಆ ಟೀ ಶರ್ಟನ್ನು ಆರಿಸಿದ ಕೈ ನನ್ನದು.

ಅಪ್ಪ ಎದ್ದು ಒಳಗೆ ಹೋದರು. ಕೈಚೀಲದಲ್ಲಿ 4 ಕಿಲೋಕ್ಕೆ ತುಸು ಹೆಚ್ಚೇ ಜೋಳ ತುಂಬಿ ತಂದರು.

“ತಮ್ಮಾ, ಎರಡೂ ಕೈಲೆ ಹಿಡಿ. ಎದಿ ಮಟ್ಟಕ್ಕ ಎತ್ತು. ನಮ್ಮ ರೈಫಲ್ಲು ಇಷ್ಟ ತೂಕ ಇತ್ತು.”

ಹುಡುಗ ಹುರುಪಿನಿಂದ ಎತ್ತಿದ. ಒಂದು ನಿಮಿಷ ನಿಂತ. ಮೊಣಕೈ ನಡುಗತೊಡಗಿತು. ಚೀಲ ಇಳಿಯುತ್ತ ಇಳಿಯುತ್ತ ಎದೆಯ ಮೇಲಿನ ಎಕೆ-47ನ್ನು ದಾಟಿ ಹೊಟ್ಟೆಗೆ ಬಂತು, ಕೊನೆಗೆ ನೆಲಕ್ಕೆ.

“ರಾತ್ರಿಯೆಲ್ಲಾ ಹಿಡಕೊಂಡ ನಿಂದರತಿದ್ದಿರೇನಜ್ಜಾ?”

“ನಿಂದರತಿದ್ವಿ.”

ಹುಡುಗ ಕೆಂಪಾದ ಅಂಗೈ ನೋಡಿಕೊಂಡ. ಅಜ್ಜನ ಕೈಯನ್ನೂ ಹಿಡಿದು ನೋಡಿದ. “ಕೈ ನೋಯತಿರಲಿಲ್ಲೇನು?”

ಅಪ್ಪ ತುಸು ಹೊತ್ತು ಸುಮ್ಮನಿದ್ದರು.

“ಭಾಳ ನೋಯತಿತ್ತಪ್ಪಾ.”

ಅವರ ಪದಕಗಳನ್ನು ಒರೆಸಿ ಒರೆಸಿ ಇಟ್ಟ ನಾನು ಈ ಪ್ರಶ್ನೆಯನ್ನು ಎಂದೂ ಕೇಳಿರಲಿಲ್ಲ.