ಅರ್ಧಕ್ಕೆ ನಿಂತ ಕೌದಿ

ಅರ್ಧಕ್ಕೆ ಬಿಟ್ಟ ಕೈಕೆಲಸ ಇಲ್ಲದ ಮನೆ ಯಾವುದಿದೆ ಹೇಳಿ? ನನ್ನಲ್ಲೇ ತೋಳಿಲ್ಲದ ಒಂದು ಸ್ವೆಟರು, ಎರಡೇ ಹೂವು ಅರಳಿ ನಿಂತ ದಿಂಬಿನ ಚೀಲ, ಮಣಿ ತೀರಿಹೋದ ಬಾಗಿಲ ತೋರಣ ಇವೆ. "ಇವನ್ನೆಲ್ಲ ಯಾವ ಜನ್ಮಕ್ಕ ಮುಗಸ್ತಿ?" ಎಂದು ನಮ್ಮ ಮನೆಯವರು ವರ್ಷಕ್ಕೊಮ್ಮೆ ತಪ್ಪದೆ ಕೇಳುತ್ತಾರೆ. ನಾನು ಮಾತಾಡುವುದಿಲ್ಲ. ಅವರು ರಿಪೇರಿ ಮಾಡುತ್ತೇನೆಂದು ಬಿಚ್ಚಿಟ್ಟ ಟೇಬಲ್ ಫ್ಯಾನು ಇನ್ನೂ ಅಟ್ಟದ ಮೇಲೇ ಇದೆಯಲ್ಲ! ಆದರೆ ಬೇರೆಯವರು ಅರ್ಧಕ್ಕೆ ಬಿಟ್ಟುಹೋದ ಕೆಲಸ ನಮ್ಮ ಕೈಗೆ ಬಂದರೆ ಏನು ಮಾಡಬೇಕು? ಕಳೆದ ದೀಪಾವಳಿಯಿಂದ ಸಂಕ್ರಾಂತಿಯವರೆಗೆ ನನಗೆ ಇದೇ ಚಿಂತೆಯಾಗಿತ್ತು.

ನನ್ನ ತವರು ಮಸ್ಕಿ. ನನ್ನನ್ನು ಕೊಟ್ಟದ್ದು ಸಿಂಧನೂರಿಗೆ, ತಂಗಿಯನ್ನು ಕೊಟ್ಟದ್ದು ಲಿಂಗಸುಗೂರಿಗೆ. ಮೂರೂ ಒಂದೇ ರಸ್ತೆಯ ಮೇಲಿನ ಊರುಗಳು. ನಡುವೆ ತವರು, ಆ ಕಡೆ ಅವಳು, ಈ ಕಡೆ ನಾನು. ತಂಗಿಯ ಮನೆಗೆ ಹೋಗಬೇಕೆಂದರೆ ತವರನ್ನು ದಾಟಿಯೇ ಹೋಗಬೇಕು. ಅವ್ವ ಇದ್ದಾಗ ಫೋನ್ ಮಾಡಿದರೆ ಸಾಕು, ಮಸ್ಕಿ ಬಸ್ ಸ್ಟ್ಯಾಂಡಿಗೆ ಬಂದು ನಿಂತು, ಕಿಟಕಿಯೊಳಗಿಂದಲೇ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಕೈಗಿಡುತ್ತಿದ್ದಳು. ಅವಳು ಹೋಗಿ ಮೂರು ವರ್ಷವಾಯಿತು. ಈಗಲೂ ಬಸ್ಸು ಅಲ್ಲಿ ನಿಂತಾಗ ನಾನು ಕಿಟಕಿ ಸರಿಸುತ್ತೇನೆ.

ದೀಪಾವಳಿಗೆ ಮುಂಚೆ ತಮ್ಮನ ಮನೆಗೆ ಸುಣ್ಣ ಬಣ್ಣ ಮಾಡಿಸುತ್ತಿದ್ದರು. "ಅತ್ತಿಯವರ ಟ್ರಂಕು ನೀವೇ ಬಂದು ನೋಡ್ರಿ, ನಾ ಮುಟ್ಟಂಗಿಲ್ಲ" ಎಂದು ತಮ್ಮನ ಹೆಂಡತಿ ಕರೆಸಿದಳು. ಒಳ್ಳೆಯ ಹುಡುಗಿ, ಅವ್ವನ ಸಾಮಾನಿಗೆ ಕೈ ಹಾಕಿದವಳಲ್ಲ. ಟ್ರಂಕಿನ ತಳದಲ್ಲಿ ಹಳೇ ಧೋತರದಲ್ಲಿ ಸುತ್ತಿದ ಒಂದು ಗಂಟಿತ್ತು. ಬಿಚ್ಚಿದೆ. ಸಣ್ಣ ಕೂಸಿನ ಕೌದಿ. ಎರಡು ಮೊಳ ಉದ್ದ, ಒಂದೂವರೆ ಮೊಳ ಅಗಲ. ಮೇಲೆ ಅವ್ವನ ಹಸಿರು ಇಳಕಲ್ ಸೀರೆ, ಅಂಚಿಗೆ ಹಳೆಯ ಖಣದ ತುಂಡುಗಳು, ಕೆಳಗೆ ಅಪ್ಪನ ಧೋತರ. ಅಂಚಿನಿಂದ ಒಳಕ್ಕೆ ಸುತ್ತು ಸುತ್ತಾಗಿ ಹೊಲಿಗೆ ಬಂದು, ನಡುವೆ ಒಂದು ಗೇಣಿನಷ್ಟು ಜಾಗ ಬರೀ ಕಚ್ಚಾ ಹೊಲಿಗೆಯಲ್ಲಿ ನಿಂತಿತ್ತು. ಸೂಜಿ ಚುಚ್ಚಿದಲ್ಲೇ ಇತ್ತು, ದಾರವೂ ಇತ್ತು. ಸೂಜಿಯ ಸುತ್ತ ತುಕ್ಕಿನ ಕಲೆ.

ಯಾರಿಗಾಗಿ ಹೊಲಿದದ್ದು ಎಂದು ಕೇಳಬೇಕಾಗಿರಲಿಲ್ಲ. ಆರು ವರ್ಷದ ಹಿಂದೆ ತಂಗಿಗೆ ಮೊದಲ ಹೆರಿಗೆ ಎಂಟನೇ ತಿಂಗಳಲ್ಲೇ ಆಯಿತು. ಗಂಡು ಕೂಸು. ಒಂದು ಹಗಲು ಒಂದು ರಾತ್ರಿಯೂ ಪೂರಾ ಇರಲಿಲ್ಲ. ಸುದ್ದಿ ಬಂದಾಗ ಅವ್ವ ಇದೇ ಕೌದಿ ಹಿಡಿದು ಕೂತಿದ್ದಳೇನೋ. ಎದ್ದವಳು ಮತ್ತೆ ಆ ಸೂಜಿ ಮುಟ್ಟಲಿಲ್ಲ.

ಆಮೇಲೆ ನಮ್ಮ ಮನೆಯಲ್ಲಿ ಆ ಕೂಸಿನ ಮಾತು ಯಾರೂ ಎತ್ತಲಿಲ್ಲ. ಎತ್ತಬಾರದು ಎಂದು ಯಾರೂ ಹೇಳಿರಲೂ ಇಲ್ಲ. ನಾನು ನೋಡಲು ಹೋದಾಗ ತಂಗಿಯ ಬೆನ್ನು ಸವರಿ "ಇನ್ನೊಂದಾಗ್ತದ ಬಿಡು" ಎಂದಿದ್ದೆ. ದೊಡ್ಡ ಸಮಾಧಾನ ಹೇಳಿದೆನೆಂದು ಆಗ ನನಗೆ ಅನಿಸಿತ್ತು. ಅವಳು ಗೋಡೆ ಕಡೆ ಹೊರಳಿದಳು. ಆ "ಇನ್ನೊಂದು" ಆಗಲು ಆರು ವರ್ಷ ಹಿಡಿಯಿತು. ಈ ಸಲ ಡಾಕ್ಟರು ಆಸ್ಪತ್ರೆಗೆ ಹತ್ತಿರವೇ ಇರಲು ಹೇಳಿದ್ದರಿಂದ ಬಾಣಂತನವೂ ಲಿಂಗಸುಗೂರಿನಲ್ಲೇ. ದೀಪಾವಳಿಗೆ ಹದಿನೈದು ದಿನ ಮೊದಲು ಹೆಣ್ಣು ಕೂಸು ಹುಟ್ಟಿತ್ತು. ಮೂರನೇ ತಿಂಗಳಿಗೆ ತೊಟ್ಟಿಲ ಕಾರ್ಯ. ಕುಂಚಿಗೆ, ಕುಲಾವಿ, ಕೌದಿ ಎಲ್ಲ ತವರಿನಿಂದ ಬರಬೇಕು. ಅವ್ವ ಇಲ್ಲದ ಮೇಲೆ ಆ ಪಾಲು ನನ್ನದು. ಕೌದಿ ಹೊಲಿಯಲು ಬಟ್ಟೆ ಹುಡುಕುತ್ತಿದ್ದವಳ ಕೈಗೆ ಇದು ಸಿಕ್ಕಿತ್ತು!

ದೊಡ್ಡವ್ವನಿಗೆ ತೋರಿಸಿದೆ. ಅವಳು ಕೈಯಲ್ಲಿ ಹಿಡಿಯಲೂ ಇಲ್ಲ. "ಹೋದ ಕೂಸಿಗೆ ಹಚ್ಚಿದ್ದನ್ನ ಇದ್ದ ಕೂಸಿಗೆ ಹಾಸ್ತಾರೇನ ಮಗಳ? ಹೊಲಿಗಿ ಬಿಚ್ಚಿಬಿಡು. ಅರಿವಿ ಬೇಕಾದರ ಇಟ್ಕೋ" ಎಂದಳು. ಓದಿದವರು ಇದನ್ನು ಮೂಢನಂಬಿಕೆ ಎನ್ನಬಹುದು, ನಾನು ಹಾಗೆನ್ನಲಾರೆ. ದೊಡ್ಡವ್ವ ಒಂಬತ್ತು ಹೆತ್ತು ನಾಲ್ಕನ್ನು ಉಳಿಸಿಕೊಂಡವಳು. ಅವಳ ಅಂಜಿಕೆಗೆ ಲೆಕ್ಕವಿದೆ.

ಸಿಂಧನೂರಿಗೆ ತಂದು ಕತ್ತರಿ ಹಿಡಿದು ಕೂತೆ. ನಾಲ್ಕು ಹೊಲಿಗೆ ಬಿಚ್ಚಿದೆ. ಐದನೆಯದಕ್ಕೆ ಕೈ ಬರಲಿಲ್ಲ. ಅವ್ವನ ಹೊಲಿಗೆ ಅಕ್ಕಿಕಾಳಿನಷ್ಟು ಸಣ್ಣದು, ಒಂದರಂತೆ ಒಂದು. ನಮ್ಮ ಮಸ್ಕಿಯ ಶಾಸನ ನೀವೂ ಶಾಲೆಯಲ್ಲಿ ಓದಿರುತ್ತೀರಿ. ಅದುವರೆಗೆ ಸಿಕ್ಕ ಕಲ್ಲುಗಳಲ್ಲಿ "ದೇವಾನಾಂಪ್ರಿಯ" ಎಂದಷ್ಟೇ ಇದ್ದ ದೊರೆ ಅಶೋಕನೇ ಎಂದು 1915ರಲ್ಲಿ ನಮ್ಮೂರ ಬಂಡೆಯಿಂದ ಗೊತ್ತಾಯಿತು, ಹೆಸರು ಕೊರೆದಿತ್ತಲ್ಲ. ಅದೇ ಊರಿನಲ್ಲಿ ಬಾಳಿದ ನಮ್ಮವ್ವನಿಗೆ ಹೆಸರು ಬರೆಯಲು ಬರುತ್ತಿರಲಿಲ್ಲ, ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟೇ ಒತ್ತುತ್ತಿದ್ದಳು. ಅವಳ ಕೈಬರಹವೆಂದು ಉಳಿದದ್ದು ಈ ಸಾಲುಗಳೇ. ಬಿಚ್ಚುವುದು ಹೇಗೆ? ಬಿಚ್ಚಿದ ನಾಲ್ಕನ್ನೂ ಅದೇ ತೂತುಗಳಲ್ಲಿ ಮತ್ತೆ ಹೊಲಿದು ಇಟ್ಟುಬಿಟ್ಟೆ.

ಒಂದು ವಾರ ಅದು ಕಪಾಟಿನಲ್ಲೇ ಇತ್ತು. ಆಮೇಲೆ ಒಂದು ದಿನ ಸೀರೆಗೆ ಫಾಲ್ ಹಚ್ಚಿಕೊಡುವ ಬಂಗಾಲಿ ಹೆಂಗಸು ಮನೆಗೆ ಬಂದಳು. ನಮ್ಮ ಸಿಂಧನೂರಿನ ಸುತ್ತ ಬಂಗಾಲಿ ಕ್ಯಾಂಪುಗಳಿರುವುದು ಈ ಭಾಗದವರಿಗೆಲ್ಲ ಗೊತ್ತು. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದವರಿಗೆ 1970ರ ಆಸುಪಾಸಿನಲ್ಲಿ ಸರ್ಕಾರ ಇಲ್ಲಿ ನೆಲೆ ಕೊಟ್ಟಿತು. ಈಕೆ ಇಲ್ಲೇ ಹುಟ್ಟಿದವಳು, ನಮಗಿಂತ ಚೆಂದ ನಮ್ಮ ಮಾತಾಡುತ್ತಾಳೆ. ಕೌದಿ ನೋಡಿ "ಅಯ್ಯ, ಇದು ನಮ್ಮ ಕಾಂಥಾನ ಅಲ್ಲೇನಕ್ಕಾ!" ಎಂದಳು. ಅವರಲ್ಲೂ ಹಳೇ ಸೀರೆಗಳನ್ನು ಪದರವಾಗಿಟ್ಟು ಹೀಗೇ ಹೊಲಿಯುತ್ತಾರಂತೆ. ಹುಟ್ಟಿದ ಕೂಸಿಗೆ ಹೊಸ ಬಟ್ಟೆಗಿಂತ ಹಳೆಯದೇ ಮೇಲು, ಹರಿದ ಬಟ್ಟೆಯ ಮೇಲೆ ಕೆಟ್ಟ ಕಣ್ಣು ಬೀಳುವುದಿಲ್ಲ ಎಂದು ಅವರ ನಂಬಿಕೆ. ದಾರವನ್ನೂ ಹಿಂದೆ ಸೀರೆಯ ಅಂಚಿನಿಂದಲೇ ಎಳೆದುಕೊಳ್ಳುತ್ತಿದ್ದರಂತೆ. ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಂಗಸರು ಹೊಲಿಯುವ ಕೌದಿ ಹೆಸರಾದದ್ದು ನನಗೆ ಗೊತ್ತಿತ್ತು. ಬಂಗಾಲದ ಕೌದಿ ನಮ್ಮೂರ ಪಕ್ಕದಲ್ಲೇ ಇಷ್ಟು ವರ್ಷ ಇದ್ದದ್ದು ಗೊತ್ತಿರಲಿಲ್ಲ ನೋಡಿ.

ಅವಳಿಗೆ ಇದ್ದ ವಿಷಯ ಹೇಳಿದೆ. ಸುಮ್ಮನೆ ಕೇಳಿದಳು. "ನಮ್ಮನ್ಯಾಗ ಒಂದ ಕಾಂಥಾದಾಗ ಎಲ್ಲಾ ಮಕ್ಕಳನ್ನೂ ಮಲಗಿಸ್ಯಾರ. ಉಳದವರನ್ನೂ, ಹೋದವರನ್ನೂ. ಮುಗಿಸ್ರಿ ಅಕ್ಕಾ. ಕೊಡಾಗ ನಿಮ್ಮ ತಂಗೀನ ಒಂದು ಮಾತು ಕೇಳ್ರಿ" ಎಂದಳು. ದೊಡ್ಡವ್ವನನ್ನು ಕೇಳಿದ್ದೆ, ಮನೆಯವರನ್ನು ಕೇಳಿದ್ದೆ, ನೆರೆಯವಳನ್ನೂ ಕೇಳುತ್ತಿದ್ದೆ. ಕೂಸಿನ ತಾಯಿಯನ್ನು ಕೇಳಬೇಕೆಂದು ನನಗೇ ಹೊಳೆದಿರಲಿಲ್ಲ!

ಮುಗಿಸಲು ಕೂತೆ. ಮೊದಲು ತೊಳೆಯುವ ಕೆಲಸ. ಟ್ರಂಕಿನಲ್ಲಿ ಡಾಂಬರು ಗುಳಿಗೆ ಹಾಕಿದ್ದರು. ಸೋದರಿಯರೇ, ಇದೊಂದನ್ನು ನೆನಪಿಡಿ. ಆ ಗುಳಿಗೆಯ ಜೊತೆ ಇಟ್ಟ ಬಟ್ಟೆಯನ್ನು ಹಾಗೇ ತೆಗೆದು ಎಳೆಗೂಸಿಗೆ ಹಾಕಬಾರದು. ಕೆಲವು ಕೂಸುಗಳಿಗೆ ಅದರಿಂದ ರಕ್ತಕಣ ಒಡೆದು ಕಾಮಾಲೆ ಏರುವುದುಂಟು. ಎರಡು ಸಲ ಬಿಸಿನೀರಿನಲ್ಲಿ ಒಗೆದು, ವಾಸನೆ ಪೂರಾ ಹೋಗುವವರೆಗೆ ನಾಲ್ಕು ದಿನ ನಮ್ಮ ರಾಯಚೂರು ಜಿಲ್ಲೆಯ ಬಿಸಿಲಿಗೆ ಹಾಕಿದೆ. ಬಿಸಿಲಿಗೆ ನಮ್ಮಲ್ಲಿ ಬರವೇ? ತುಕ್ಕಿನ ಕಲೆಗೆ ನಿಂಬೆರಸ, ಉಪ್ಪು ಸವರಿ ಬಿಸಿಲಲ್ಲಿಟ್ಟು ತೊಳೆದೆ. ಮುಕ್ಕಾಲು ಭಾಗ ಹೋಯಿತು. ಉಳಿದದ್ದು ಎಳ್ಳಿನಷ್ಟು ಹಾಗೇ ಇದೆ.

ಕೂಸಿನ ಕೌದಿಗೆ ಹತ್ತಿಯ ಹಳೇ ಬಟ್ಟೆಯೇ ಆಗಬೇಕು. ಪಾಲಿಯೆಸ್ಟರ್ ಸೀರೆ ನೋಡಲು ಚೆಂದ, ಆದರೆ ನೀರು ಹೀರುವುದಿಲ್ಲ, ಸೆಕೆಗೆ ಕೂಸಿನ ಬೆನ್ನಿಗೆ ಬೆವರುಸಾಲೆ. ಮೇಲೊಂದು, ಕೆಳಗೊಂದು, ನಡುವೆ ಧೋತರದ ಎರಡು ಪದರ ಸಾಕು. ದಪ್ಪವಾದರೆ ಒಣಗುವುದೇ ಇಲ್ಲ. ಸಾಲಿನಿಂದ ಸಾಲಿಗೆ ಒಂದು ಬೆರಳು. ಗಂಟುಗಳನ್ನು ಪದರದ ಒಳಕ್ಕೆ ಎಳೆದುಬಿಡಿ, ಮೇಲೆ ಬಿಟ್ಟರೆ ಎಳೆ ಮೈಗೆ ಒತ್ತುತ್ತವೆ. ಇದು ಕೆಳಗೆ ಹಾಸುವುದಕ್ಕೆ, ಮುಖದ ಮೇಲೆ ಬರುವ ಹಾಗೆ ಹೊದಿಸುವುದಕ್ಕಲ್ಲ.

ಅವ್ವನ ಹಾಗೆ ಸಣ್ಣ ಹೊಲಿಗೆ ಹಾಕಲು ನೋಡಿದೆ. ಎರಡು ಸಾಲು ಬಂತು, ಮೂರನೆಯದರಲ್ಲಿ ಕಣ್ಣು ಸೋತಿತು. ಚಾಳೀಸು ಹಾಕಿಕೊಂಡರೂ ನನ್ನ ಹೊಲಿಗೆ ಸಜ್ಜಿಗೆಯ ರವೆ ಚೆಲ್ಲಿದ ಹಾಗೆ ಒಂದು ಉದ್ದ, ಒಂದು ಗಿಡ್ಡ. ಸೀರೆಯ ಅಂಚಿನಿಂದ ಕೆಂಪು ದಾರವನ್ನೂ ಎಳೆದು ನೋಡಿದೆ. ಅಷ್ಟು ಹಳೆಯದು ನಾಲ್ಕು ಪದರದಲ್ಲಿ ತಾಳದೆ ಪಟಪಟ ಹರಿಯಿತು. ಕಡೆಗೆ ಅಂಗಡಿಯ ದಾರದಲ್ಲೇ ಮುಗಿಸಿ, ನಟ್ಟನಡುವೆ ಒಂದು ಸಣ್ಣ ಹೂವನ್ನು ಮಾತ್ರ ಅವ್ವನ ಅಂಚಿನ ದಾರದಲ್ಲಿ ಹಾಕಿದೆ. ಮುಗಿದ ಕೌದಿಯ ಮೇಲೆ ಒಂದು ರೊಟ್ಟಿ, ಒಂದು ಹಿಡಿ ಜೋಳ ಇಟ್ಟು ತೆಗೆಯುವುದು ಅವ್ವನ ರೂಢಿ. "ಕೌದಿಗೂ ಹೊಟ್ಟಿ ತುಂಬಬೇಕು" ಎನ್ನುತ್ತಿದ್ದಳು. ಅದನ್ನೂ ಮಾಡಿದೆ. ರೊಟ್ಟಿಯನ್ನು ನಮ್ಮ ಮನೆಯವರು ತಿಂದರು.

ಆದರೂ ಅಳುಕು. ತಂಗಿ ಬೇಡವೆಂದರೆ? ಬೀಗರ ಕಡೆಯವರು "ಹಳೇ ಅರಿವಿ ತಂದಾಳ" ಎಂದರೆ? ಯಾವುದಕ್ಕೂ ಇರಲಿ ಎಂದು ಸಿಂಧನೂರು ಪೇಟೆಯಲ್ಲಿ ಕರಡಿ ಚಿತ್ರದ ಒಂದು ಬ್ಲಾಂಕೆಟ್ ಕೊಂಡು ಚೀಲದಲ್ಲಿ ಮೇಲಿಟ್ಟೆ. ಕೌದಿ ತಳದಲ್ಲಿ.

ಸಂಕ್ರಾಂತಿ ಮುಗಿದ ವಾರ ತೊಟ್ಟಿಲ ಕಾರ್ಯ. ಹೆಸರಿಟ್ಟದ್ದಾಯಿತು, ಆರತಿ ಆಯಿತು, ಊಟವೂ ಆಯಿತು. ಎಲ್ಲರೆದುರು ಕರಡಿ ಬ್ಲಾಂಕೆಟ್ ಕೊಟ್ಟೆ, ಎಲ್ಲರೂ ಮೆಚ್ಚಿದರು. ಜನ ಕರಗಿದ ಮೇಲೆ ತಂಗಿಯ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿ ಕೌದಿ ತೆಗೆದೆ. ಬಾಯಿ ಒಣಗಿತ್ತು. "ಅವ್ವನ ಟ್ರಂಕಿನ್ಯಾಗಿತ್ತು. ಬ್ಯಾಡ ಅನಿಸಿದರ ಹೇಳು, ವಾಪಸ್ ಒಯ್ತೀನಿ. ನನಗೇನೂ ಬೇಜಾರಿಲ್ಲ" ಎಂದು ಒಂದೇ ಉಸಿರಿಗೆ ಹೇಳಿದೆ.

ಅವಳು ತೊಡೆಯ ಮೇಲೆ ಹರವಿಕೊಂಡಳು. ಅಂಚಿನಿಂದ ಬೆರಳಿಟ್ಟು ಸಾಲುಗುಂಟ ಬಂದಳು. ಒಂದು ಕಡೆ ಬೆರಳು ನಿಂತಿತು. "ಇಲ್ಲಿಂದ ನಿಂದು" ಎಂದಳು. ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ.

"ಅವ್ವ ಇದನ್ನ ಬಿಚ್ಚಾಕ ಹೊಂಟಿದ್ಲು ಅಕ್ಕಾ. ನಾನ ಬ್ಯಾಡ ಅಂದೆ. ಅಂವಂದು ಅಂತ ಇದ್ದದ್ದು ಇದೊಂದ ಅಲ್ಲೇನು?"

ನನಗೆ ಮಾತು ಹೊರಡಲಿಲ್ಲ. ಆರು ವರ್ಷ ನಾವು ಯಾವ ಮಾತನ್ನು ಮುಚ್ಚಿಟ್ಟು ಅವಳನ್ನು ಕಾಪಾಡುತ್ತಿದ್ದೇವೆ ಎಂದುಕೊಂಡಿದ್ದೆವೋ ಆ ಮಾತನ್ನು ಅವಳು ಒಬ್ಬಳೇ ಹೊತ್ತುಕೊಂಡಿದ್ದಳು. ಆಮೇಲೆ ಅವಳಾಗಿಯೇ ಹೇಳತೊಡಗಿದಳು. ತಲೆತುಂಬ ಕಪ್ಪು ಕೂದಲಿತ್ತಂತೆ. ಬಲಗಿವಿಯ ಅಂಚು ಅಪ್ಪನದರಂತೆ ಮಡಿಚಿತ್ತಂತೆ. ಒಂದು ಸಲ ಬೆರಳು ಹಿಡಿದಿದ್ದನಂತೆ. ನಾನು ಅವನ ಅಕ್ಕರೆಯ ದೊಡ್ಡವ್ವ, ನನಗೆ ಇದ್ಯಾವುದೂ ಗೊತ್ತಿರಲಿಲ್ಲ. ಕೇಳಿರಲೂ ಇಲ್ಲ.

"ಅವತ್ತು ನಾ ಹಂಗ ಅನಬಾರದಿತ್ತು, ಇನ್ನೊಂದಾಗ್ತದ ಅಂತ" ಎಂದೆ.

"ಎಲ್ಲಾರೂ ಅಂದ್ರು ಬಿಡು" ಎಂದಳು.

ತೊಟ್ಟಿಲಲ್ಲಿ ಕೂಸು ಕೊಸರಾಡಿತು. ತಂಗಿ ಎದ್ದು ಕರಡಿ ಬ್ಲಾಂಕೆಟ್ ಪಕ್ಕಕ್ಕೆ ಸರಿಸಿ, ಕೌದಿ ಹಾಸಿ, ಕೂಸನ್ನು ಅದರ ಮೇಲೆ ಮಲಗಿಸಿದಳು. "ಅಣ್ಣಂದು ತಂಗಿಗೆ ಬಂತು. ನಿನ್ನ ಲಂಗ ನಾ ಉಟ್ಟಿಲ್ಲೇನು, ಹಂಗ" ಎಂದಳು. ನಾನು ದೊಡ್ಡವ್ವನ ಮಾತನ್ನು ಅವಳಿಗೆ ಹೇಳಲಿಲ್ಲ. ಮಸ್ಕಿಗೆ ಹೋದಾಗ ದೊಡ್ಡವ್ವನಿಗೆ ತಂಗಿಯ ಮಾತನ್ನು ಹೇಳಬೇಕೆಂದಿದ್ದೇನೆ.

ಅಷ್ಟರಲ್ಲಿ ಬೀಗತಿ ಚಹಾ ತಂದರು. ಕೌದಿ ಮುಟ್ಟಿ ನೋಡಿ "ಎಷ್ಟು ಮೆತ್ತಗೈತ್ರಿ! ಯಾರು ಹೊಲದದ್ದು?" ಎಂದರು.

"ನಮ್ಮವ್ವ ಮತ್ತ ಅಕ್ಕ" ಎಂದಳು ತಂಗಿ.

ಸಂಜೆ ಐದರ ಬಸ್ಸಿಗೆ ನಾನು ಹೊರಡುವ ಹೊತ್ತಿಗೆ ಅದು ಅಂಗಳದ ತಂತಿಯ ಮೇಲೆ ಒಣಗುತ್ತಿತ್ತು. ಕೂಸು ಆಗಲೇ ಎರಡು ಸಲ ತೋಯಿಸಿತ್ತು.