ಮೊಣಕಾಲಿಗೊಂದು ಸೂಜಿ, ಕಿವಿಗೊಂದು ಸೂಜಿ

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ದಿನದ ವೋಚರುಗಳನ್ನು ದಬ್ಬಣದಿಂದ ಹೊಲಿದು ಕಟ್ಟುತ್ತಿದ್ದೆವು. ಆ ದಬ್ಬಣ ಕೌದಿಗೆ ಬಾರದು, ಕೌದಿಯ ಸೂಜಿ ತೊಗರಿ ಚೀಲಕ್ಕೆ ಸಾಲದು. ಸೇಡಂ, ಚಿತ್ತಾಪುರದ ಕಡೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಅಕ್ಯುಪಂಕ್ಚರ್ ಸೂಜಿಗೂ ಇದೇ ಮಾತು ಸಲ್ಲುತ್ತದೆಂದು ಮೊಣಕಾಲು ನೋವಿಗೆ ಆ ಚಿಕಿತ್ಸೆ ತೆಗೆದುಕೊಂಡಾಗ ತಿಳಿಯಿತು.

"ಮುತ್ಯಾ, ಇಂಜೆಕ್ಷನ್‌ಗಿಂತ ಜಾಸ್ತಿ ನೋಯ್ತದೇನು?" ಎಂದು ಮೊಮ್ಮಗಳು ಕೇಳಿದಳು. ಇಲ್ಲ. ಇಂಜೆಕ್ಷನ್ ಸೂಜಿ ಒಳಗೆ ಟೊಳ್ಳು, ಔಷಧ ಹರಿಯಬೇಕಲ್ಲ! ಇದು ಕೂದಲಿನಂತೆ ಸಪೂರವಾದ ಗಟ್ಟಿ ಉಕ್ಕಿನ ಸೂಜಿ. ಹೆಚ್ಚಾಗಿ ಬಳಸುವುದರ ದಪ್ಪ 0.25 ಮಿಲಿಮೀಟರ್. ನಾಲ್ಕನ್ನು ಒತ್ತಾಗಿಟ್ಟರೆ ನಿಮ್ಮ ಸ್ಕೇಲಿನ ಒಂದು ಸಣ್ಣ ಮನೆ ತುಂಬುತ್ತದೆ.

ಉದ್ದವನ್ನು ಆರಿಸುವುದು ಮೈಯ ಜಾಗ ನೋಡಿ. ಕಿವಿಗೆ, ಬೆರಳಿಗೆ 13 ಮಿಲಿಮೀಟರ್ ಸಾಕು. ಮೊಣಕಾಲಿಗೆ 25ರಿಂದ 40. ಮಾಂಸ ತುಂಬಿದ ಪೃಷ್ಠಕ್ಕೆ 50 ಅಥವಾ ಇನ್ನೂ ಉದ್ದ. ಶಹಾಬಾದಿನ ಗಣಿಯಲ್ಲಿ ಕಲ್ಲೆತ್ತುವ ಯುವಕನಿಗೆ ಹೊಂದುವ ಸೂಜಿ ನನ್ನಂಥ ಬಡಕಲು ಮುದುಕನಿಗೆ ಹೊಂದಲಿಕ್ಕಿಲ್ಲ. ಎದೆಯ ಭಾಗದಲ್ಲಂತೂ ಸೂಜಿ ಆಳಕ್ಕೆ ಹೋದರೆ ಶ್ವಾಸಕೋಶಕ್ಕೇ ತಾಗಬಹುದು. ಎಲ್ಲಿಯೇ ಆಗಲಿ, ಸೂಜಿ ಪೂರ್ತಿ ಒಳಗೆ ಹೋಗಬಾರದು. ಹಿಡಿಯ ಕೆಳಗೆ ಸ್ವಲ್ಪ ಹೊರಗುಳಿದಿದ್ದರೆ, ಮುರಿದರೂ ಎಳೆದು ತೆಗೆಯಬಹುದು.

ಈ ವಿದ್ಯೆ ಚೀನಾದ್ದು. ವಾಡಿ, ಶಹಾಬಾದ್ ದಾಟಿ ಹೋಗುವ ರೈಲು ಸೊಲ್ಲಾಪುರ ಮುಟ್ಟುತ್ತದಲ್ಲ, ಆ ಊರಿನ ಡಾ. ದ್ವಾರಕಾನಾಥ ಕೋಟ್ನಿಸ್ 1938ರಲ್ಲಿ ಚೀನಾಕ್ಕೆ ಹೋದ ಐವರು ಭಾರತೀಯ ವೈದ್ಯರಲ್ಲಿ ಒಬ್ಬರು. ಜೊತೆಗಿದ್ದ ಡಾ. ಬಿ. ಕೆ. ಬಸು ಮುಂದೆ ಅಲ್ಲಿ ಇದನ್ನು ಕಲಿತು ನಮ್ಮ ದೇಶಕ್ಕೆ ತಂದರು.

ನನ್ನ ವಯಸ್ಸಿನವರಿಗೆ ಎರಡು ಮಾತು. ಸೂಜಿಯಿಂದ ನೋವು ತಗ್ಗಬಹುದು, ಸವೆದ ಕೀಲು ಮತ್ತೆ ಬೆಳೆಯದು. ರಕ್ತ ತೆಳುವಾಗಿಸುವ ಗುಳಿಗೆ ನುಂಗುತ್ತಿದ್ದರೆ, ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದಿದ್ದರೆ, ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಿ. ತರಬೇತಿ ಪಡೆದವರ ಹತ್ತಿರವೇ ಹೋಗಿ. ಒಬ್ಬರಿಗೆ ಚುಚ್ಚಿದ ಸೂಜಿ ಇನ್ನೊಬ್ಬರಿಗೆ ಬೇಡವೇ ಬೇಡ. ರಕ್ತದ ಸೋಂಕು ಹಾಗೆಯೇ ಹರಡುತ್ತದೆ. ಪೊಟ್ಟಣ ನಿಮ್ಮ ಕಣ್ಣೆದುರೇ ಒಡೆಯಲಿ ಎಂದು ಕೇಳಲು ಸಂಕೋಚ ಬೇಡ.

ಮಕ್ಕಳೇ, ನಿಮ್ಮ ಕಣ್ಣು ಚುರುಕು. ಮುತ್ಯಾನ ಜೊತೆ ಹೋದಾಗ ಪೊಟ್ಟಣದ ಮೇಲಿನ ಅವಧಿಯ ತಾರೀಖು ಓದಿ. ಹಾಕಿದ ಸೂಜಿ ಎಷ್ಟು, ತೆಗೆದದ್ದು ಎಷ್ಟು, ಎಣಿಸಿ. ಲೆಕ್ಕ ತಾಳೆಯಾದ ಮೇಲೆಯೇ ಮುತ್ಯಾನನ್ನು ಏಳಲು ಬಿಡಿ!