ಹೊದಿಕೆಯ ಮೇಲಿಲ್ಲದ ಹೆಸರು

ನಿಮ್ಮ ಮನೆಯಲ್ಲೂ ಹಳೆಯ ಸಿ.ಡಿ.ಗಳು ಮೂಲೆ ಸೇರಿರಬಹುದು. ನಾನು ಜೋಪಾನವಾಗಿ ಇರಿಸಿಕೊಂಡಿರುವುದು ಒಂದನ್ನೇ. ಚಿಕ್ಕಬಳ್ಳಾಪುರವು ಕೋಲಾರದಿಂದ ಬೇರ್ಪಟ್ಟು ಜಿಲ್ಲೆಯಾದ 2007ರಲ್ಲಿ ನಮ್ಮ ವಿದ್ಯಾರ್ಥಿಗಳು ತಾವೇ ಹಾಡು ಕಟ್ಟಿ, ದೃಶ್ಯ ಜೋಡಿಸಿ ಹೊರತಂದದ್ದು ಅದು.

ನಂದಿಬೆಟ್ಟದ ಮಂಜನ್ನು ಎಲ್ಲರೂ ತೋರಿಸಿದ್ದಾರೆ ಎಂದು ಹಟಹಿಡಿದು, ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ಶಿಡ್ಲಘಟ್ಟದ ನೂಲು ಬಿಚ್ಚಾಣಿಕೆ ಮನೆಯೊಂದಕ್ಕೆ ಕ್ಯಾಮೆರಾ ಹೊತ್ತರು. ಒಂದೊಂದು ಗೂಡಿನಲ್ಲೂ ನೂರಾರು ಮೀಟರ್ ಉದ್ದದ ಒಂದೇ ಎಳೆ. ಬಿಸಿನೀರಿನಲ್ಲಿ ತೇಲುವ ಗೂಡುಗಳಿಂದ ಅದರ ತುದಿ ಹುಡುಕುತ್ತಿದ್ದ ತಾಯಿಯೊಬ್ಬರ ಬೆಂದ ಬೆರಳುಗಳೇ ಹಾಡಿನ ಜೀವವಾದವು. ಹೊದಿಕೆಯ ಚಿತ್ರವೂ ಅವೇ.

ಹೊದಿಕೆಯ ಬರಹ ನನ್ನ ಪಾಲಿಗೆ ಬಂದಿತ್ತು. ಹನ್ನೆರಡು ಸೆಂಟಿಮೀಟರ್ ಚೌಕ! ಹಾಡಿದವರು, ಪ್ರಾಂಶುಪಾಲರು, ಚಿಂತಾಮಣಿ ಮತ್ತು ಗೌರಿಬಿದನೂರಿನ ದಾನಿಗಳು, ಅವರ ಅಂಗಡಿಗಳು (ದಾನಿಗಳನ್ನು ಬಿಡುವ ಧೈರ್ಯ ಯಾರಿಗಿದೆ?) ಎಲ್ಲವನ್ನೂ ತುರುಕಿದೆ.

ಪ್ರತಿಯೊಂದನ್ನು ಆ ತಾಯಿಗೆ ಕೊಟ್ಟಾಗ ಅವರು ತಮ್ಮ ಕೈಗಳನ್ನು ಗುರುತಿಸಿ ನಕ್ಕರು. ಬಳಿಕ ಹಿಂಬದಿಯ ಅಕ್ಷರಗಳನ್ನು ಸವರುತ್ತಾ, "ಓದು ಬಾರದು ಸ್ವಾಮಿ, ನನ್ನ ಹೆಸರು ಎಲ್ಲಿದೆ, ತೋರಿಸಿ" ಎಂದರು.

ನಾವು ಅವರ ಹೆಸರನ್ನು ಕೇಳಿಯೇ ಇರಲಿಲ್ಲ. ಆಗ ಕೇಳಿದೆ. ಜೇಬಿನಿಂದ ಪೆನ್ನು ತೆಗೆದು ಅಂಚಿನಲ್ಲಿ ಬರೆಯಹೊರಟೆ. ನುಣುಪು ಕಾಗದದ ಮೇಲೆ ಶಾಯಿ ನಿಲ್ಲಲಿಲ್ಲ.